ಅನಾಥ ಮಗು, ವಿಧವೆ ತಾಯಿ: ದೂರದೇಶದಿಂದ ದತ್ತು ಪಡೆಯುವವರಿಗೆ ಒಂದು ಪಾಠ



ಕಳೆದ ವರ್ಷ, ನಾನು ಹಿಂದೆ ಸಹಾಯಕ ಗುರುವಾಗಿದ್ದ ಧರ್ಮಕೇಂದ್ರವೊಂದರ ಹಬ್ಬಕ್ಕೆ ಹೋಗಿದ್ದೆ. ಬಲಿಪೂಜೆ ಮುಗಿದ ಮೇಲೆ ಪರಿಚಯದ ಹಿರಿಯ ತಾಯಿಯೊಬ್ಬರು ತಮ್ಮ ಮೊಮ್ಮಗಳನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಅವರ ಮಗಳು ಅಮೆರಿಕದಲ್ಲಿ ನರ್ಸ್. ಈ ಮೊಮ್ಮಗಳು ಹುಟ್ಟಿದ್ದು ಆಫ್ರಿಕಾದ ಕಾಂಗೊ ದೇಶದಲ್ಲಿ. ಕಾನೂನು ಪ್ರಕಾರ ದತ್ತು ಪಡೆದ ಮಗು. ಈಗ ಹದಿಹರೆಯದ ಹುಡುಗಿ. ಆಕೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಇಂಗ್ಲಿಷಿನಲ್ಲಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು: "ಫಾದರ್, ನನ್ನನ್ನು ಹೆತ್ತ ತಾಯಿಯ ಹೆಸರು ಏನೆಂದು ಅಮ್ಮನಿಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ. ನಿಮಗೆ ಗೊತ್ತೇ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ವಿಷಯ. 2012ರಲ್ಲಿ ಇದೇ ತಾಯಿ ಒಂದು ಚಿಕ್ಕ ಮಗುವಿನ ಫೋಟೋ ತಂದು, "ಸ್ವಾಮಿ, ಮಗಳು ಅಳಿಯ ಈ ಮಗುವನ್ನು ತಂದು ಸಾಕಬೇಕೆಂದಿದ್ದಾರೆ. ಏನು ಹೇಳ್ತೀರಿ?" ಎಂದು ಕೇಳಿದ್ದರು. ನಾನು, "ಪುಣ್ಯದ ಕೆಲಸ ಅಮ್ಮಾ, ಅದಕ್ಕೇಕೆ ಯೋಚನೆ?" ಎಂದು ಹೇಳಿ, ಫೋಟೋದ ಮೇಲೆ ಶಿಲುಬೆಯ ಗುರುತು ಹಾಕಿ ಕಳುಹಿಸಿದ್ದೆ. ಈ ಮಗುವಿನ ತಾಯಿ ಎಲ್ಲಿದ್ದಾಳೆ ಎಂದು ನಾನು ಕೇಳಲಿಲ್ಲ. ಸೆಮಿನರಿಯಲ್ಲಿ ಏಳೆಂಟು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಗೆ ಆ ಒಂದು ಪ್ರಶ್ನೆ ಹೊಳೆಯಲಿಲ್ಲ. ಆ ಹುಡುಗಿಗೆ ಹೊಳೆಯಿತು. ಆದ್ದರಿಂದ ಈ ವಾರದ ಪಾಠ ನಿಮಗೆ ಎಷ್ಟೋ, ನನಗೂ ಅಷ್ಟೇ.

ಕಾಂಗೊದಲ್ಲಿ ನಡೆದದ್ದೇನು?

ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ನಮ್ಮ ಭಾರತದ ಮೂರನೇ ಎರಡು ಭಾಗಕ್ಕಿಂತ ದೊಡ್ಡ ದೇಶ. ಆಫ್ರಿಕಾ ಖಂಡದಲ್ಲೇ ಅತಿ ಹೆಚ್ಚು ಕಥೋಲಿಕರು ಇರುವುದೂ ಅಲ್ಲಿಯೇ. 1960ರಲ್ಲಿ ಬೆಲ್ಜಿಯಂನಿಂದ ಸ್ವಾತಂತ್ರ್ಯ ಪಡೆದ ಈ ನಾಡು 1996ರಿಂದ 2003ರವರೆಗೆ ಎರಡು ಮಹಾಯುದ್ಧಗಳನ್ನು ಕಂಡಿತು. ಪೂರ್ವ ಭಾಗದಲ್ಲಿ ಬಂದೂಕಿನ ಸದ್ದು ಆಮೇಲೂ ನಿಲ್ಲಲಿಲ್ಲ. 2025ರ ಜನವರಿಯಲ್ಲಿ ಗೋಮಾ ನಗರ, ಮರು ತಿಂಗಳು ಬುಕಾವು ನಗರ ಬಂಡುಕೋರರ ವಶವಾದವು. ಇಂಥ ನಾಡಿನಲ್ಲಿ ಮಕ್ಕಳು ತಂದೆತಾಯಿಯರನ್ನು ಕಳೆದುಕೊಳ್ಳುವುದು, ಓಡುವ ಗುಂಪಿನಲ್ಲಿ ಕೈತಪ್ಪಿಹೋಗುವುದು ಹೊಸದಲ್ಲ. ರಾಜಧಾನಿ ಕಿನ್ಶಾಸಾದ ಬೀದಿಗಳಲ್ಲಿ, "ಮಾಟ ಮಾಡುವ ಮಗು" ಎಂಬ ಆರೋಪ ಹೊರಿಸಿ ಮನೆಯಿಂದ ಹೊರಹಾಕಿದ ಮಕ್ಕಳೂ ಇದ್ದಾರೆ. ಇವರನ್ನು ಕಂಡು ಯಾರ ಕರುಳು ಮರುಗುವುದಿಲ್ಲ?

ಹೀಗೆ ಮರುಗಿದ ಅಮೆರಿಕ, ಫ್ರಾನ್ಸ್, ಇಟಲಿ, ಬೆಲ್ಜಿಯಂ ಮೊದಲಾದ ದೇಶಗಳ ಕುಟುಂಬಗಳು ಕಾಂಗೊದಿಂದ ಮಕ್ಕಳನ್ನು ದತ್ತು ಪಡೆಯಲು ಮುಂದೆ ಬಂದವು. ಆದರೆ 2013ರ ಸೆಪ್ಟೆಂಬರ್ 25ರಂದು ಕಾಂಗೊ ಸರಕಾರ, ವಿದೇಶೀಯರು ದತ್ತು ಪಡೆದ ಮಕ್ಕಳಿಗೆ ದೇಶ ಬಿಡುವ ಪರವಾನಗಿ ಕೊಡುವುದನ್ನು ಥಟ್ಟನೆ ನಿಲ್ಲಿಸಿತು. ದತ್ತು ಪತ್ರಗಳಲ್ಲಿ ಮೋಸವಿದೆ, ಹೊರಗೆ ಹೋದ ಮಕ್ಕಳಲ್ಲಿ ಕೆಲವರನ್ನು ಅಲ್ಲಿ ಮತ್ತೊಬ್ಬರ ಕೈಗೆ ದಾಟಿಸಲಾಗುತ್ತಿದೆ ಎಂಬ ಆತಂಕ ಅದಕ್ಕೆ ಕಾರಣ. ಕಾಂಗೊದ ನ್ಯಾಯಾಲಯವೇ "ಇನ್ನು ಈ ಮಗು ನಿಮ್ಮದು" ಎಂದು ತೀರ್ಪು ಕೊಟ್ಟಿದ್ದ ನೂರಾರು ಕುಟುಂಬಗಳು ನಡುದಾರಿಯಲ್ಲಿ ಸಿಕ್ಕಿಕೊಂಡವು. 2014ರ ಮೇ ತಿಂಗಳಲ್ಲಿ ಇಟಲಿ ಸರಕಾರ ವಿಮಾನ ಕಳುಹಿಸಿ, ಕಾಂಗೊ ಸರಕಾರದ ಒಪ್ಪಿಗೆಯಿಂದ 31 ಮಕ್ಕಳನ್ನು ರೋಮಿಗೆ ಕರೆತಂದಿತು. ಉಳಿದವರಿಗೆ ಕಾಯುವುದೇ ಗತಿ. 2015ರ ನವೆಂಬರಿನಲ್ಲಿ ಸುಮಾರು 70 ಮಕ್ಕಳಿಗೆ, 2016ರ ಫೆಬ್ರವರಿಯಲ್ಲಿ ಮತ್ತೆ ಸುಮಾರು 150 ಮಕ್ಕಳಿಗೆ ಅನುಮತಿ ಸಿಕ್ಕಿತು.

ನಾನು ಹೇಳಿದ ಕುಟುಂಬವೂ ಹೀಗೆ ಎರಡೂವರೆ ವರ್ಷ ಕಾಯಿತು. ಆ ಅಜ್ಜಿ ದಿನವೂ ಜಪಮಾಲೆಯ ಕೊನೆಗೆ ಆ ಮಗುವಿಗಾಗಿ ಒಂದು "ನಮೋ ಮರಿಯಾ" ಹೇಳುತ್ತಿದ್ದುದನ್ನು ಬಲ್ಲೆ. ಮಗು ಬಂದಾಗ ಊರಿಗೆಲ್ಲ ಸಿಹಿ ಹಂಚಿದರು. ಈ ಸಂತೋಷ ಸುಳ್ಳಲ್ಲ. ಆದರೆ ಸಂತೋಷದ ಆಚೆ ಬದಿಯಲ್ಲಿ ಯಾರಾದರೂ ಅಳುತ್ತಿದ್ದರೇ ಎಂಬುದನ್ನು ನಾವು ನೋಡಿರಲಿಲ್ಲ.

ಅನಾಥ ಯಾರು?

"ಅನಾಥ" ಎಂದ ಕೂಡಲೇ ತಂದೆಯೂ ಇಲ್ಲದ, ತಾಯಿಯೂ ಇಲ್ಲದ ಮಗು ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಯುನಿಸೆಫ್ ಸಂಸ್ಥೆ ತನ್ನ ಲೆಕ್ಕದಲ್ಲಿ ತಂದೆತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಅನಾಥ ಎಂದೇ ಎಣಿಸುತ್ತದೆ. ಆಫ್ರಿಕಾದಲ್ಲಿ ಇಷ್ಟು ಕೋಟಿ ಅನಾಥರಿದ್ದಾರೆ ಎಂದು ನಾವು ಓದುವಾಗ, ಅವರಲ್ಲಿ ಹೆಚ್ಚಿನವರಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ, ಅವರಿಲ್ಲದಿದ್ದರೆ ಅಜ್ಜಿಯೋ ಸೋದರಮಾವನೋ ಇದ್ದಾರೆ ಎಂಬುದನ್ನು ಮರೆಯಬಾರದು. ಅನಾಥಾಶ್ರಮದಲ್ಲಿರುವ ಮಗುವೆಲ್ಲ ಅನಾಥ ಮಗುವಲ್ಲ. ಗಂಡ ಸತ್ತ ಬಡ ಹೆಂಗಸು, "ಇಲ್ಲಿ ಎರಡು ಹೊತ್ತು ಊಟವಾದರೂ ಸಿಕ್ಕೀತು, ನಾಲ್ಕು ಅಕ್ಷರ ಕಲಿತಾನು" ಎಂದು ಮಗುವನ್ನು ತಂದು ಬಿಡುತ್ತಾಳೆ. ನಮ್ಮ ಬೋರ್ಡಿಂಗುಗಳಿಗೂ ಒಂದು ಕಾಲದಲ್ಲಿ ತಾಯಂದಿರು ಹೀಗೆಯೇ ಮಕ್ಕಳನ್ನು ತಂದು ಬಿಟ್ಟಿಲ್ಲವೇ? ಅವರು ಬಿಟ್ಟದ್ದು ಓದಿಗಾಗಿ. ಮಗುವನ್ನು ಬಿಟ್ಟುಕೊಡಲು ಅಲ್ಲ.

ಸಂತ ಯಕೋಬರು ತಮ್ಮ ಪತ್ರದ ಮೊದಲ ಅಧ್ಯಾಯದ ಕೊನೆಯ ವಚನದಲ್ಲಿ ನಿಜವಾದ ಭಕ್ತಿ ಯಾವುದೆಂದು ಹೇಳುವಾಗ ಅನಾಥರನ್ನೂ ವಿಧವೆಯರನ್ನೂ ಒಟ್ಟಿಗೆ ಹೆಸರಿಸುತ್ತಾರೆ. ಈ ವಚನವನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ. ಅವರಿಬ್ಬರೂ ಒಂದೇ ಮನೆಯವರು ಎಂಬುದು ತಡವಾಗಿ ಅರ್ಥವಾಯಿತು. ಆ ಅನಾಥ ಆ ವಿಧವೆಯ ಮಗು! ವಿಧವೆಯನ್ನು ಬಿಟ್ಟು ಅನಾಥನನ್ನು ಮಾತ್ರ ಎತ್ತಿಕೊಂಡು ಹೋದರೆ ವಚನದ ಅರ್ಧವನ್ನಷ್ಟೇ ಪಾಲಿಸಿದಂತಾಯಿತು.

ಒಳ್ಳೆಯ ಮನಸ್ಸಿನಿಂದಾಗುವ ಕೆಡುಕು

2007ರ ಅಕ್ಟೋಬರಿನಲ್ಲಿ ಆಫ್ರಿಕಾದ ಚಾಡ್ ದೇಶದ ಅಬೇಶೆ ಎಂಬಲ್ಲಿ ಫ್ರಾನ್ಸಿನ ಒಂದು ಸಂಸ್ಥೆಯವರು 103 ಮಕ್ಕಳನ್ನು ವಿಮಾನ ಹತ್ತಿಸಲು ಹೊರಟಿದ್ದರು. ಇವರೆಲ್ಲ ಸುಡಾನಿನ ದಾರ್ಫುರ್ ಯುದ್ಧದಲ್ಲಿ ಅನಾಥರಾದವರು ಎಂದು ಫ್ರಾನ್ಸಿನ ಕುಟುಂಬಗಳಿಗೆ ತಿಳಿಸಲಾಗಿತ್ತು. ಪೊಲೀಸರು ತಡೆದರು. ವಿಶ್ವಸಂಸ್ಥೆಯ ಅಧಿಕಾರಿಗಳು ಮಕ್ಕಳನ್ನು ಮಾತನಾಡಿಸಿದಾಗ, ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಸಾಕಿದವರೋ ಇದ್ದಾರೆಂದು, ಹೆಚ್ಚಿನವರು ಗಡಿಯ ಹಳ್ಳಿಗಳ ಚಾಡ್ ಮಕ್ಕಳೇ ಎಂದು ತಿಳಿಯಿತು. ಓದಿಸುತ್ತೇವೆ ಎಂಬ ಮಾತು ನಂಬಿ ಮನೆಯವರು ಕಳುಹಿಸಿದ್ದರು. ಆರು ಮಂದಿ ಫ್ರೆಂಚರಿಗೆ ಅಲ್ಲಿನ ನ್ಯಾಯಾಲಯ ಎಂಟು ವರ್ಷದ ಕಠಿಣ ಶಿಕ್ಷೆ ವಿಧಿಸಿತು. 2008ರಲ್ಲಿ ಚಾಡ್ ಅಧ್ಯಕ್ಷರು ಕ್ಷಮಾದಾನ ಕೊಟ್ಟರು. ಇತ್ತ ವಿಮಾನ ನಿಲ್ದಾಣದಲ್ಲಿ ಕಾದು ನಿಂತಿದ್ದ ಕುಟುಂಬಗಳು ಕೆಟ್ಟವರೇ? ಅಲ್ಲ. ಪ್ರೀತಿ ಇತ್ತು, ವಿಚಾರಣೆ ಇರಲಿಲ್ಲ.

ಕಾಂಗೊದ್ದೇ ಇನ್ನೊಂದು ಪ್ರಕರಣ. ಬೆಲ್ಜಿಯಂನ ಕುಟುಂಬಗಳಿಗೆ 2015ರಲ್ಲಿ ಅನಾಥರೆಂದು ಬಂದ ಕೆಲವು ಮಕ್ಕಳಿಗೆ ಕಾಂಗೊದಲ್ಲಿ ಹೆತ್ತವರು ಜೀವಂತ ಇದ್ದಾರೆಂದು ಆಮೇಲೆ ಡಿ.ಎನ್.ಎ. ಪರೀಕ್ಷೆಯಿಂದ ಸಾಬೀತಾಯಿತು. ರಜಾ ಶಿಬಿರಕ್ಕೆಂದು ಕರೆದೊಯ್ದ ಮಕ್ಕಳು ಮರಳಿ ಬಂದಿರಲೇ ಇಲ್ಲ. ಎರಡು ಕಡೆಯ ತಾಯಂದಿರ ಸ್ಥಿತಿಯನ್ನು ಒಮ್ಮೆ ಯೋಚಿಸಿ ನೋಡಿ.

ಅಸ್ಥಿರವಾದ ನಾಡಿನಲ್ಲಿ ಇದು ಏಕೆ ಹೆಚ್ಚು? ಬಹಳಷ್ಟು ಮಕ್ಕಳ ಜನನ ನೋಂದಣಿಯೇ ಆಗಿರುವುದಿಲ್ಲ. ಕಚೇರಿಗಳು ಸುಟ್ಟಿರುತ್ತವೆ, ದಾಖಲೆಗಳು ಕಳೆದಿರುತ್ತವೆ, ಸಂಬಳ ಸಿಗದ ಅಧಿಕಾರಿ ಲಂಚಕ್ಕೆ ಕೈಚಾಚುತ್ತಾನೆ. ಒಂದು ವಿದೇಶೀ ದತ್ತುವಿಗೆ ಹತ್ತಾರು ಸಾವಿರ ಡಾಲರ್ ಖರ್ಚಾಗುತ್ತದೆ. ಬಡ ದೇಶದಲ್ಲಿ ಅಷ್ಟು ಹಣ ಓಡಾಡುವಾಗ, ಮಗುವಿಗೆ ಮನೆ ಹುಡುಕುವ ಬದಲು ಮನೆಗಳಿಗೆ ಮಗು ಹುಡುಕುವ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. ಅದಲ್ಲದೆ, ತಾಯ್ತಂದೆಯರ ಸಂಬಂಧವನ್ನು ಪೂರ್ತಿಯಾಗಿ ಕಡಿದುಹಾಕುವ ದತ್ತು ಆಫ್ರಿಕಾದ ಅನೇಕ ಹಳ್ಳಿಗಳಿಗೆ ಅಪರಿಚಿತ. ನಮ್ಮಲ್ಲಿ ತಂಗಿಯ ಮಗನನ್ನು ಅಕ್ಕ ತನ್ನ ಮನೆಯಲ್ಲಿಟ್ಟು ಓದಿಸುವಂತೆ ಅಲ್ಲಿಯೂ ಬಂಧುಗಳು ಸಾಕುತ್ತಾರೆ. ಮಗ ಒಂದು ದಿನ ದೊಡ್ಡವನಾಗಿ ಮರಳುತ್ತಾನೆ. ಹೆಬ್ಬೆಟ್ಟು ಒತ್ತಿದ ತಂದೆ ಒಪ್ಪಿದ್ದು ಇಂಥದಕ್ಕೆ. ಕಾಗದದಲ್ಲಿ ಬರೆದಿದ್ದದ್ದು ಬೇರೆ.

ಮೆಟ್ಟಿಲು ಮೆಟ್ಟಿಲಾಗಿ

ಜಗದ್ಗುರು ಹನ್ನೊಂದನೇ ಭಕ್ತಿನಾಥರು, ಅಂದರೆ ಹನ್ನೊಂದನೇ ಪಿಯುಸ್, 1931ರ ತಮ್ಮ ವಿಶ್ವಪತ್ರದಲ್ಲಿ ಸಮಾಜಕ್ಕೆ ಒಂದು ನಿಯಮ ಹೇಳಿದರು: ಹತ್ತಿರದವರು, ಚಿಕ್ಕವರು ಮಾಡಬಲ್ಲ ಕೆಲಸವನ್ನು ದೂರದವರು, ದೊಡ್ಡವರು ಕಸಿದುಕೊಳ್ಳಬಾರದು, ಅವರಿಗೆ ಆಗದಿದ್ದಾಗ ನೆರವಾಗಬೇಕು. ಸೆಮಿನರಿಯಲ್ಲಿ ಇದನ್ನು ರಾಜ್ಯ ಮತ್ತು ಕುಟುಂಬದ ಕುರಿತ ಪಾಠವಾಗಿ ಓದಿದ್ದೆವು. ಅಂತರರಾಷ್ಟ್ರೀಯ ದತ್ತುವಿನ ಕುರಿತು 1993ರ ಮೇ 29ರಂದು ಆದ ಹೇಗ್ ಒಪ್ಪಂದವೂ ಇದೇ ತತ್ತ್ವದ ಮೇಲೆ ನಿಂತಿದೆ. ಕಾನೂನು ಪಂಡಿತರು ಅದಕ್ಕೆ ಇಟ್ಟಿರುವ ಹೆಸರೂ ಅದೇ. ಮೊದಲು ಮಗುವನ್ನು ಹೆತ್ತವರ ಬಳಿಯೇ ಉಳಿಸಲು ಯತ್ನ. ಆಗದಿದ್ದರೆ ಬಂಧುಗಳು. ಆಗದಿದ್ದರೆ ಸ್ವದೇಶದಲ್ಲೇ ಇನ್ನೊಂದು ಕುಟುಂಬ. ಅದೂ ಇಲ್ಲವಾದರೆ ವಿದೇಶದ ಕುಟುಂಬ. ಆಫ್ರಿಕಾದ ರಾಷ್ಟ್ರಗಳು 1990ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಸನ್ನದು ವಿದೇಶೀ ದತ್ತುವನ್ನು ಕೊನೆಯ ಉಪಾಯವೆಂದೇ ಕರೆಯುತ್ತದೆ. 2013ರಲ್ಲಿ ಕಾಂಗೊ ಹೇಗ್ ಒಪ್ಪಂದಕ್ಕೆ ಸೇರಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಮೊದಲ ಮೆಟ್ಟಿಲು ಹತ್ತುವುದು ವ್ಯರ್ಥವಲ್ಲ ಎಂಬುದಕ್ಕೆ ನೆರೆಯ ರುವಾಂಡಾ ಸಾಕ್ಷಿ. 1994ರ ನರಮೇಧದಲ್ಲಿ ಸುಮಾರು ಒಂದು ಲಕ್ಷ ಮಕ್ಕಳು ತಮ್ಮವರಿಂದ ಅಗಲಿದರು. ರೆಡ್‌ಕ್ರಾಸ್, ಯುನಿಸೆಫ್ ಮೊದಲಾದವರು ಫೋಟೋ ಹಿಡಿದು, ಊರೂರು ಅಲೆದು ಹುಡುಕಿದಾಗ ಹತ್ತಾರು ಸಾವಿರ ಮಕ್ಕಳು ಮರಳಿ ತಮ್ಮವರನ್ನು ಸೇರಿದರು. ಯುದ್ಧದ ಬಿಸಿಯಲ್ಲೇ ಅವರನ್ನು ಅನಾಥರೆಂದು ಹಂಚಿಬಿಟ್ಟಿದ್ದರೆ?

ನಾವು ಭಾರತೀಯರು ಆಫ್ರಿಕಾದವರಿಗೆ ಉಪದೇಶ ಮಾಡುವ ಸ್ಥಾನದಲ್ಲಿಲ್ಲ. ನಮ್ಮ ದೇಶದಿಂದಲೂ, ನಮ್ಮ ಬೆಂಗಳೂರಿನಿಂದಲೂ ಎಷ್ಟೋ ಮಕ್ಕಳು ಯೂರೋಪಿಗೆ ಹೋಗಿದ್ದಾರೆ. ಈಗ ನಡುವಯಸ್ಸಿನವರಾಗಿ ಮರಳಿ ಬಂದು, ಆಶ್ರಮಗಳ ಹಳೆಯ ಪುಸ್ತಕಗಳಲ್ಲಿ ತಾಯಿಯ ಹೆಸರು ಹುಡುಕುವವರಿದ್ದಾರೆ. ಒಬ್ಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ಸುಪ್ರೀಂ ಕೋರ್ಟು 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯಲ್ಲಿ ನಿಯಮಗಳನ್ನು ವಿಧಿಸಿದ ಮೇಲೆಯೇ ನಮ್ಮಲ್ಲಿ ಒಂದು ಕ್ರಮ ಬಂದದ್ದು. ಹೇಗ್ ಒಪ್ಪಂದವನ್ನು ಭಾರತ ಸ್ಥಿರೀಕರಿಸಿದ್ದು 2003ರಲ್ಲಿ.

ಹಾಗಾದರೆ ವಿದೇಶೀ ದತ್ತು ತಪ್ಪೇ?

ಅಲ್ಲ. ಹಾಗೆಂದು ಯಾರೂ ತಿಳಿಯಬಾರದು. ಎಲ್ಲ ಮೆಟ್ಟಿಲು ಹತ್ತಿ ನೋಡಿದ ಮೇಲೂ ಯಾರೂ ಇಲ್ಲದ ಮಕ್ಕಳಿದ್ದಾರೆ. ಅಂಗವಿಕಲರು, ದೀರ್ಘ ಕಾಯಿಲೆಯವರು, ವಯಸ್ಸು ಮೀರಿತೆಂದು ಯಾರೂ ಕೇಳದವರು. ಇಥಿಯೋಪಿಯದಿಂದ ಒಂದು ಕಾಲದಲ್ಲಿ ವರ್ಷಕ್ಕೆ ಸಾವಿರಾರು ಮಕ್ಕಳು ಹೊರಗೆ ಹೋಗುತ್ತಿದ್ದರು. 2018ರ ಜನವರಿಯಲ್ಲಿ ಅಲ್ಲಿನ ಸಂಸತ್ತು ಅದನ್ನು ಪೂರ್ತಿ ನಿಷೇಧಿಸಿತು. ಬಾಗಿಲು ಮುಚ್ಚಿದರೆ ಮೋಸ ನಿಲ್ಲುತ್ತದೆ, ನಿಜ. ಆದರೆ ಒಳಗೆ ಉಳಿದ ಮಗುವಿಗೆ ಒಳಗೇ ಒಂದು ಮನೆ ಸಿಗದಿದ್ದರೆ ಅದರ ಬಾಲ್ಯ ಆಶ್ರಮದ ಸಾಲುಮಂಚದಲ್ಲೇ ಕಳೆದುಹೋಗುತ್ತದೆ. ಎರಡೂ ನೋವೇ.

ಧರ್ಮಸಭೆ ದತ್ತು ಸ್ವೀಕಾರವನ್ನು ಸದಾ ಗೌರವಿಸಿದೆ. ನಾವೆಲ್ಲರೂ ಕ್ರಿಸ್ತನಲ್ಲಿ ದೇವರ ದತ್ತುಮಕ್ಕಳು ಎಂಬುದು ಸಂತ ಪೌಲರ ಬೋಧನೆ. ಸಂತ ಜೋಸೆಫರು ತಮ್ಮ ರಕ್ತದವನಲ್ಲದ ಮಗುವಿಗೆ ಹೆಸರಿಟ್ಟು ತಂದೆಯಾದರು. ಆದರೆ ಇದೇ ಧರ್ಮಸಭೆ, ಮಗು ಯಾರ ಹಕ್ಕೂ ಅಲ್ಲ, ಅದು ವರ ಎಂದೂ ಬೋಧಿಸುತ್ತದೆ. ಜಗದ್ಗುರು ಎರಡನೇ ಜಾನ್ ಪೌಲರು 1995ರ "ಜೀವದ ಶುಭಸಂದೇಶ" ವಿಶ್ವಪತ್ರದಲ್ಲಿ ದತ್ತುವನ್ನು ಹೊಗಳುತ್ತಲೇ, ಮನೆಯ ಕಡುಬಡತನವೊಂದೇ ಕಾರಣವಾಗಿದ್ದಲ್ಲಿ ಮಗುವನ್ನು ಅದರ ಮನೆಯಲ್ಲೇ ಇರಗೊಟ್ಟು ದೂರದಿಂದ ಪೋಷಿಸುವುದು ಮೇಲು ಎಂದಿದ್ದಾರೆ. 2016ರಲ್ಲಿ ಪೋಪ್ ಫ್ರಾನ್ಸಿಸರು "ಪ್ರೀತಿಯ ಆನಂದ"ದಲ್ಲಿ, ದತ್ತುವಿನಲ್ಲಿ ಮಗುವಿನ ಹಿತವೇ ಮುಖ್ಯವಾಗಬೇಕು, ಮಕ್ಕಳ ಮಾರಾಟವನ್ನು ಕಾನೂನಿನಿಂದ ತಡೆಯಬೇಕು ಎಂದರು.

ಸೊಲೊಮೋನನ ಮುಂದೆ ಬಂದ ಇಬ್ಬರು ಹೆಂಗಸರನ್ನು ನೆನೆಯಿರಿ. ಇಬ್ಬರೂ ಮಗು ಬೇಕೆಂದರು. ಮಗು ಬದುಕಲಿ, ತನಗೆ ಸಿಗದಿದ್ದರೂ ಸರಿ ಎಂದವಳೇ ತಾಯಿಯೆಂದು ಅರಸ ತೀರ್ಪಿತ್ತ. ಪ್ರೀತಿಸುವುದೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು ಎಂದು ಸಂತ ತೋಮಸ್ ಅಕ್ವೀನಾಸರು ಹೇಳಿದ್ದೂ ಇದನ್ನೇ. ದತ್ತು ಬಯಸುವ ದಂಪತಿಗಳಿಗೆ ಇದೇ ಒರೆಗಲ್ಲು: "ಈ ಮಗುವಿಗೆ ತಾಯಿ ಇದ್ದಾಳೆಂದು ನಾಳೆ ತಿಳಿದರೆ, ನನ್ನ ಸಂತೋಷ ಹೆಚ್ಚುತ್ತದೆಯೋ, ಕುಸಿಯುತ್ತದೆಯೋ?" ಕುಸಿಯುವುದು ಪಾಪವಲ್ಲ, ಅದು ಮನುಷ್ಯ ಸಹಜ. ತಿಳಿಯಲು ಮನಸ್ಸಿಲ್ಲದೆ ಕೇಳದೇ ಇರುವುದು ತಪ್ಪು.

ಕೇಳಲೇಬೇಕಾದ ಪ್ರಶ್ನೆಗಳು

ನಿಮ್ಮ ಬಂಧುಗಳು ವಿದೇಶದಲ್ಲಿದ್ದು ಇಂಥ ಯೋಚನೆಯಲ್ಲಿದ್ದರೆ ಇವನ್ನು ಅವರಿಗೆ ಓದಿ ಹೇಳಿ.

1. ಮಗು ಯಾವ ಊರಿನದು? ಆಶ್ರಮಕ್ಕೆ ತಂದು ಬಿಟ್ಟವರು ಯಾರು, ಯಾವಾಗ?

2. ತಂದೆ, ತಾಯಿ, ಬಂಧುಗಳನ್ನು ಹುಡುಕಿದವರು ಯಾರು? ಮಗುವಿನಿಂದ ಹಣ ಪಡೆಯುವವರೇ ಹುಡುಕಿದರೆ ಅದು ಹುಡುಕಾಟವಲ್ಲ.

3. ತಾಯಿ ಒಪ್ಪಿದ್ದರೆ, ಹೆರಿಗೆಯ ನಂತರವೇ ಒಪ್ಪಿದಳೇ? ಹಣ ಪಡೆಯದೆ, ಸಂಬಂಧ ಪೂರ್ತಿ ಕಡಿಯುತ್ತದೆಂದು ತನ್ನ ಭಾಷೆಯಲ್ಲೇ ತಿಳಿದು ಒಪ್ಪಿದಳೇ? ಹೇಗ್ ಒಪ್ಪಂದ ಕೇಳುವುದೂ ಇದನ್ನೇ.

4. ಪ್ರತಿಯೊಂದು ಖರ್ಚಿಗೂ ರಸೀದಿ ಇದೆಯೇ? "ಬೇಗ ಹಣ ಕಳಿಸಿ, ಇಲ್ಲದಿದ್ದರೆ ಮಗು ಬೇರೆಯವರಿಗೆ ಹೋಗುತ್ತದೆ" ಎನ್ನುವವರಿಂದ ದೂರವಿರಿ.

5. ಎರಡೂ ದೇಶಗಳ ಸರಕಾರದ ಅಧಿಕೃತ ಪ್ರಾಧಿಕಾರಗಳ ಮೂಲಕವೇ ಎಲ್ಲ ನಡೆಯುತ್ತಿದೆಯೇ?

6. ಮಗುವಿನ ಮೂಲದ ದಾಖಲೆಗಳ ಪ್ರತಿ ನಿಮ್ಮ ಕೈಗೆ ಬರುತ್ತದೆಯೇ? ಅದು ನಿಮ್ಮ ಆಸ್ತಿಯಲ್ಲ, ಮಗುವಿನದು.

ಮಗು ಮನೆಗೆ ಬಂದ ಮೇಲೆ

ಧರ್ಮಸಭೆಯ ಕಾನೂನಿನ 110ನೇ ಕಟ್ಟಳೆ ಪ್ರಕಾರ, ನಾಗರಿಕ ಕಾನೂನಿನಂತೆ ದತ್ತು ಪಡೆದ ಮಗು ಆ ದಂಪತಿಗಳ ಮಗುವೇ. ಆದ್ದರಿಂದ "ಇವಳು ಸ್ವಂತದವಳೋ, ದತ್ತುವೋ?" ಎಂದು ಚರ್ಚಿನ ಅಂಗಳದಲ್ಲಿ ಪಿಸುಗುಟ್ಟುವವರು ದಯವಿಟ್ಟು ನಿಲ್ಲಿಸಬೇಕು. ಆ ಹುಡುಗಿಯ ಬಣ್ಣ ನೋಡಿ ಹಬ್ಬದ ದಿನ ಕೆಲವರು ನಕ್ಕದ್ದನ್ನು ನಾನು ಕಂಡೆ. ಹಳಿಯಾಳ, ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ನಮ್ಮ ಸಿದ್ದಿ ಸಹೋದರ ಸಹೋದರಿಯರಲ್ಲಿ ಎಷ್ಟೋ ಮಂದಿ ಕಥೋಲಿಕರು ಎಂಬುದು ಇವರಿಗೆ ಗೊತ್ತಿಲ್ಲವೇ? ಒಂದೇ ಬಟ್ಟಲಿನ ಪರಮಪ್ರಸಾದ ಪಡೆದವರು ಬಣ್ಣ ಎಣಿಸುವುದೇ?

ಮಗುವಿಗೆ ಸತ್ಯವನ್ನು ಬಚ್ಚಿಡಬೇಡಿ. ಫರೋಹನ ಮಗಳು ಮೋಶೆಯನ್ನು ನೀರಿನಿಂದ ಎತ್ತಿ ಮಗನೆಂದು ಸ್ವೀಕರಿಸಿದಳು. ಆದರೆ ಅವನಿಗೆ ಹಾಲೂಡಿದ್ದು ಹೆತ್ತ ತಾಯಿಯೇ. ಅರಮನೆಯಲ್ಲಿ ಬೆಳೆದರೂ ತನ್ನ ಜನ ಯಾರೆಂದು ಮೋಶೆಗೆ ತಿಳಿದಿತ್ತು. ದೇವರು ಅವನನ್ನು ಆ ಜನರ ಬಿಡುಗಡೆಗಾಗಿಯೇ ಕರೆದರು. ಮೂಲ ತಿಳಿದ ಮಗು ಸಾಕಿದವರನ್ನು ಬಿಟ್ಟುಹೋಗುತ್ತದೆ ಎಂಬ ಭಯ ಬೇಡ.

ದೀಕ್ಷಾಸ್ನಾನದ ಕುರಿತು ಒಂದು ಮಾತು. ಕಾಂಗೊದಂಥ ದೇಶದ ಮಗುವಿಗೆ ಅಲ್ಲಿಯೇ ದೀಕ್ಷಾಸ್ನಾನ ಆಗಿರಬಹುದು. ಆ ಸಂಸ್ಕಾರವನ್ನು ಎರಡನೇ ಸಲ ಕೊಡುವಂತಿಲ್ಲ. ಆದ್ದರಿಂದ ಮೊದಲು ವಿಚಾರಿಸಬೇಕು. ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆತಾಯಿಯರ ಹೆಸರು ಬರೆಯುವುದು ಧರ್ಮಸಭೆಯ ನಿಯಮ. ಎಷ್ಟೋ ಸಲ ಸರಕಾರಿ ಕಚೇರಿಯಲ್ಲಿ ಸಿಗದ ಹೆಸರು ಚರ್ಚಿನ ಕಪಾಟಿನಲ್ಲಿ ಸಿಕ್ಕೀತು.

ಆ ಹಬ್ಬದ ಸಂಜೆ ನನಗೆ ಹೊಳೆದದ್ದು ಇದೇ. "ನಿನ್ನ ಪ್ರಶ್ನೆಯನ್ನು ನಾನು ಆಗಲೇ ಕೇಳಬೇಕಿತ್ತು, ಮಗಳೇ. ಕೇಳಲಿಲ್ಲ, ಕ್ಷಮಿಸು" ಎಂದೆ. ಅವಳ ಅಮ್ಮ ದತ್ತು ಸಂಸ್ಥೆಗೆ ಬರೆದಾಗ ಉತ್ತರ ಬಂದಿರಲಿಲ್ಲವಂತೆ. ಕಾಗದದಲ್ಲಿದ್ದ ಆಶ್ರಮದ ವಿಳಾಸ ಹಿಡಿದು, ಅದರ ಸುತ್ತಲಿನ ಧರ್ಮಕೇಂದ್ರಗಳ ಪುಸ್ತಕ ನೋಡಿಸುವಂತೆ ಅಲ್ಲಿ ಸೇವೆಯಲ್ಲಿರುವ ಧರ್ಮಭಗಿನಿಯರಿಗೆ ಒಂದು ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬಾರದೆಯೂ ಇರಬಹುದು. ಆದರೆ ಪತ್ರದ ಕೆಳಗೆ ಸಾಕಿದ ತಾಯಿಯೂ ಸಹಿ ಹಾಕಿದ್ದಾಳೆ. ಆ ಸಹಿಯನ್ನು ನೋಡಿದ ಮೇಲೆ ಹುಡುಗಿ ಸ್ವಲ್ಪ ಹಗುರಾಗಿದ್ದಾಳೆಂದು ಅಜ್ಜಿ ಹೇಳಿದರು.

ಮನೆಯಲ್ಲಿ ಚರ್ಚಿಸಲು

1. ನಮ್ಮ ಧರ್ಮಕೇಂದ್ರದಲ್ಲಿ ಬಡತನದಿಂದಾಗಿ ಮಗುವನ್ನು ಹಾಸ್ಟೆಲಿಗೋ ಆಶ್ರಮಕ್ಕೋ ಬಿಡಬೇಕಾದ ವಿಧವೆಯರಿದ್ದಾರೆಯೇ? ಮಗು ಮನೆಯಲ್ಲೇ ಉಳಿಯಲು ನಾವು ಮೂರ್ನಾಲ್ಕು ಮನೆಯವರು ಸೇರಿ ಏನು ಮಾಡಬಹುದು?

2. ಮಕ್ಕಳಿಲ್ಲದ ದಂಪತಿಗಳಿಗೆ ನಾವು ಹೇಳುವ ಮಾತುಗಳು ಅವರ ನೋವನ್ನು ಇಳಿಸುತ್ತವೆಯೋ, ಹೆಚ್ಚಿಸುತ್ತವೆಯೋ?

3. ನಾವು ಹಿಂದೆ "ಒಳ್ಳೆಯದು" ಎಂದು ಕೇಳದೇ ಮಾಡಿದ ಯಾವ ಉಪಕಾರದ ಬಗ್ಗೆ ಈಗ ಕೇಳಬೇಕಾಗಿದೆ?

ಈ ವಾರದ ಕುಟುಂಬ ಪ್ರಾರ್ಥನೆಯಲ್ಲಿ ಕಾಂಗೊದ ಮಕ್ಕಳನ್ನು, ಅವರನ್ನು ಸಾಕುವವರನ್ನು, ಹೆತ್ತು ಕಳೆದುಕೊಂಡವರನ್ನು ಒಟ್ಟಿಗೆ ನೆನೆಯೋಣ. 1964ರಲ್ಲಿ ಅದೇ ನಾಡಿನಲ್ಲಿ ಹುತಾತ್ಮರಾದ ಧನ್ಯ ಅನುವಾರಿಟೆ ಎಂಬ ಯುವ ಧರ್ಮಭಗಿನಿ ಅವರೆಲ್ಲರಿಗಾಗಿ ಬೇಡಿಕೊಳ್ಳಲಿ. ಹೆಸರು ತಿಳಿಯದ ಒಬ್ಬ ತಾಯಿಗಾಗಿಯೂ ಒಂದು "ನಮೋ ಮರಿಯಾ" ಹೇಳಿ.